ಇನ್ನೂರ ಹದಿನಾಲ್ಕನೇ ಕೊಕ್ಕೆ

ಬೊಹೂಶನಿಗೆ ಅಂದು ಬೇಕಾಗಿದ್ದದ್ದು ತನ್ನದೇ ಹಳೆಯ ಕೋಟು, ಅಷ್ಟೇ. ಕುಲುಮೆಯವನು ಸತ್ತರೆ ಪೆಟ್ಟಿಗೆಗೆ ಹೆಗಲು ಕೊಡುವ ಆರು ಜನರೂ ಕೆಲಸದ ಕೋಟಿನಲ್ಲೇ ಬರಬೇಕು. ಪಾದ್ರಿ ತಪ್ಪಿದರೂ ಆ ಊರಿನಲ್ಲಿ ಇದು ತಪ್ಪುವಂತಿಲ್ಲ. ಮಧ್ಯಾಹ್ನ ಮೂರಕ್ಕೆ ಲುಡ್ವೀಕನ ಮಣ್ಣು. ಮೂವತ್ತೊಂದು ವರ್ಷ ಪಕ್ಕದಲ್ಲೇ ನಿಂತು ಬೆಂದವನು, ಬೊಹೂಶನ ಸೋಪು ಟವೆಲುಗಳನ್ನು ಕೇಳದೆ ಬಳಸಿದವನು, ಆದರೂ ಜೀವದ ಗೆಳೆಯ. ಮುಂದಿನ ಬಲಗಡೆಯ ಹೆಗಲು ನಿಮ್ಮದೇ ಎಂದು ಅವನ ಹೆಂಡತಿ ಯಾರ್ಮಿಲಾ ಹೇಳಿಕಳಿಸಿದ್ದಳು.

ಕೋಟು ಮಾತ್ರ ಮನೆಯಲ್ಲಿರಲಿಲ್ಲ. ಕಬ್ಬಿಣದ ಕಾರ್ಖಾನೆ ಮುಚ್ಚಿದ ದಿನ ಮಿಕ್ಕವರೆಲ್ಲ ಕೋಟು ಸುತ್ತಿಕೊಂಡು ಮನೆಗೆ ನಡೆದಿದ್ದರು. "ಸೋಮವಾರ ಮತ್ತೆ ಕರೀತಾರೆ ಬಿಡ್ರೋ," ಎಂದ ಬೊಹೂಶ್ ಒಬ್ಬನೇ ಎಂದಿನಂತೆ ಸೂರಿನಿಂದ ಇಳಿಬಿಟ್ಟಿದ್ದ ತನ್ನ ಇನ್ನೂರ ಹದಿನಾಲ್ಕನೇ ಕೊಕ್ಕೆಗೆ ಕೋಟು ಸಿಕ್ಕಿಸಿ, ಸರಪಳಿ ಎಳೆದು ಬಟ್ಟೆಕೋಣೆಯ ಸೂರಿಗೆ ಏರಿಸಿ ಬಂದಿದ್ದ. ಯಾರೂ ಕರೆಯಲಿಲ್ಲ. ಕಾರ್ಖಾನೆ ಮ್ಯೂಸಿಯಂ ಆಯಿತು.

ಅಂದು ಬೆಳಿಗ್ಗೆ ಕೋಟು ತರಲು ಹೋದವನನ್ನು ಗೇಟಿನಲ್ಲಿ ಟಿಕೆಟ್ ಕೇಳಿದರು. ತಾನು ಬೆವರು ಸುರಿಸಿದ ಜಾಗ ನೋಡಲು ತನಗೇ ಟಿಕೆಟ್ಟು! ತಲೆಗೆ ಹಳದಿ ಹೆಲ್ಮೆಟ್ ಕವುಚಿ, ಮೆಟ್ಟಿಲು ಹುಷಾರು ತಾತ ಎಂದು ಬೇರೆ ಹೇಳಿದರು. ಆ ಮೆಟ್ಟಿಲನ್ನು ಅವನು ಅರೆನಿದ್ದೆಯಲ್ಲಿ ಸಾವಿರ ಸಲ ಹತ್ತಿದ್ದ.

ಬಟ್ಟೆಕೋಣೆಯ ಮೇಲ್ವಿಚಾರಕಿ ಹೆಡ್ವಿಕಾ ಅವನ ಕತೆಯನ್ನೆಲ್ಲ ತಾಳ್ಮೆಯಿಂದ ಕೇಳಿದಳು.

"ಪ್ರದರ್ಶನದ ವಸ್ತು ಹೊರಗೆ ಕೊಡೋ ಹಾಗಿಲ್ಲ ಯಜಮಾನ್ರೇ. ಅದರ ಮಾಲೀಕರು ತೀರಿಕೊಂಡ್ರೆ ಮಾತ್ರ, ಮನೆಯವರು ಬಂದು ಕೇಳಿದ್ರೆ ಕೊಡ್ತೀವಿ."

"ಅಂದ್ರೆ ನನ್ನ ಕೋಟು ಸಿಗಬೇಕಾದ್ರೆ ನಾನು ಸಾಯಬೇಕಾ?"

"ನಿಯಮ ಹಾಗಿದೆ."

ಬೊಹೂಶನಿಗೆ ಮೈಯೆಲ್ಲ ಉರಿದುಹೋಯಿತು. ಅಡ್ಡ ಕಟ್ಟಿದ್ದ ಹಗ್ಗ ದಾಟಿ, ಕತ್ತಲ ಸೂರಿನಲ್ಲಿದ್ದ ತನ್ನ ಕೊಕ್ಕೆಯ ಸರಪಳಿ ಬಿಚ್ಚಿ ಸರಸರನೆ ಇಳಿಸಿದ. ಇದೂ ಪ್ರದರ್ಶನವೇ ಇರಬೇಕೆಂದು ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಕೆಳಗೆ ಬಂದದ್ದು ಬರಿಯ ಕೊಕ್ಕೆ.

ಹೆಡ್ವಿಕಾ ಪುಸ್ತಕ ತಿರುವಿ ನೋಡಿದಳು. ಇನ್ನೂರ ಹದಿನಾಲ್ಕರವರು ತೀರಿಕೊಂಡಿದ್ದಾರೆ, ಮನೆಯವರು ನಿನ್ನೆಯೇ ಬಂದು ಒಯ್ದಿದ್ದಾರೆ ಎಂದಳು.

"ಇನ್ನೂರ ಹದಿನಾಲ್ಕು ನಾನೇ ಕಣಮ್ಮ. ನಿನ್ನ ಮುಂದೆ ನಿಂತಿದ್ದೀನಲ್ಲ."

ಅವಳು ಗುರುತಿನ ಚೀಟಿ ಕೇಳಿದಳು. ಅದು ಬೇರೆ ಪ್ಯಾಂಟಿನಲ್ಲಿತ್ತು. ಕಾವಲಿನವರು ಹೆಲ್ಮೆಟ್ ಕಿತ್ತುಕೊಂಡು ಅವನನ್ನು ಹೊರಗೆ ಬಿಟ್ಟುಬಂದರು.

ಏದುಸಿರು ಬಿಡುತ್ತ, ತೊಟ್ಟ ಸೂಟಿನಲ್ಲೇ ಅವನು ಸ್ಮಶಾನದ ಪ್ರಾರ್ಥನಾ ಮಂದಿರ ಹೊಕ್ಕಾಗ ಪೆಟ್ಟಿಗೆಗೆ ಇನ್ನೂ ಮುಚ್ಚಳ ಹಾಕಿರಲಿಲ್ಲ. ಲುಡ್ವೀಕ್ ಕೆಲಸದ ಕೋಟು ತೊಟ್ಟು ಗಂಭೀರವಾಗಿ ಮಲಗಿದ್ದ. ಎಡ ಮೊಣಕೈ ಮೇಲೆ ಹಸಿರು ತೇಪೆ. ಅಡಿಗೆಮನೆಯ ಪರದೆ ಕತ್ತರಿಸಿ ಆ ತೇಪೆ ಹಾಕಿದವಳು ಬೊಹೂಶನ ಹೆಂಡತಿ.

"ಕೊನೇಗೆ ಒಂದೇ ಆಸೆ ಹೇಳಿದ್ರು," ಎಂದು ಯಾರ್ಮಿಲಾ ಕಣ್ಣೊರೆಸಿಕೊಂಡಳು. "ನನ್ನ ಒಳ್ಳೇ ಕೋಟು ಇನ್ನೂರ ಹದಿನಾಲ್ಕರಲ್ಲಿದೆ, ಅದನ್ನೇ ಹಾಕಿ ಕಳಿಸು ಅಂತ." ಆಮೇಲೆ ಅವನ ಸೂಟಿನ ಕಡೆ ನೋಡಿದಳು. "ನೀವು ಹೀಗೆ ಬಂದ್ರಾ? ಗೆಳೆಯನಿಗೋಸ್ಕರ ಒಂದು ಕೋಟು ಹುಡುಕೋಕೂ ಪುರುಸೊತ್ತಾಗಲಿಲ್ವಾ?"

ಬೊಹೂಶ್ ಪೆಟ್ಟಿಗೆಯತ್ತ ಬಗ್ಗಿ, ಮುದುರಿದ್ದ ಹಸಿರು ತೇಪೆಯನ್ನು ಸವರಿ ನೇರ ಮಾಡಿದ.

ಮುಂದಿನ ಹೆಗಲು ಕೋಟಿದ್ದ ಬೇರೊಬ್ಬನಿಗೆ ಹೋಯಿತು. ಕೋಟಿದ್ದ ಆರನೆಯವನು ಸಿಗದ ಕಾರಣ, ಬೊಹೂಶನನ್ನು ಯಾರಿಗೂ ಕಾಣದಂತೆ ಪೆಟ್ಟಿಗೆಯ ತೀರ ಹಿಂದಿನ ಮೂಲೆಗೆ ಹೆಗಲು ಕೊಡಲು ನಿಲ್ಲಿಸಿದರು. ಅವನ ಕೋಟು ಮಾತ್ರ ಮುಂದೆ ಹೋಗುತ್ತಿತ್ತು, ಅವನ ಹೆಗಲ ಮೇಲೆಯೇ.