ಇಲೋನಾ ಮೇಡಂ ಅವರ ಕೊನೆಯ ಕಛೇರಿ

ಬೆಳಿಗ್ಗೆ ಹೋಟೆಲಿನ ಲಾಬಿಯಲ್ಲಿ ದ್ವಾರಕನಾಥ "ಗುಡ್ ಮಾರ್ನಿಂಗ್ ಮೇಡಂ" ಎಂದ. ಹಂಗೇರಿಯ ಆಪೆರಾ ಗಾಯಕಿ ಇಲೋನಾ ಗಂಟಲು ಮುಟ್ಟಿ ತೋರಿಸಿ, ಇಲ್ಲವೆಂಬಂತೆ ತಲೆಯಾಡಿಸಿದರು. ದ್ವಾರಕನಾಥ ಅಂದುಕೊಂಡ, ಅಯ್ಯೋ, ಸ್ವರವೇ ಹೋಗಿದೆ!

ಮೂವತ್ತೆಂಟು ವರ್ಷ ಹಾಡಿದ ಇಲೋನಾ ಇವತ್ತು ಸಂಜೆ ದುಬೈಯಲ್ಲಿ ಕೊನೆಯ ಸಲ ಹಾಡಿ ನಿವೃತ್ತರಾಗುವುದಿತ್ತು. ಅವರನ್ನು ನೋಡಿಕೊಳ್ಳುವ ಕೆಲಸ ಕಛೇರಿ ಏರ್ಪಡಿಸಿದ ಕಂಪನಿಯ ದ್ವಾರಕನಾಥನದು. ಕಛೇರಿ ಸುಸೂತ್ರವಾದರೆ ನಾಳೆಯೇ ರಜೆ ಎಂದು ಮ್ಯಾನೇಜರ್ ಉಸ್ಮಾನ್ ಮಾತು ಕೊಟ್ಟಿದ್ದ. ಊರಲ್ಲಿ ಮಗಳಿಗೆ ವರ್ಷ ತುಂಬಿದೆ, ಇವನಿನ್ನೂ ಅವಳನ್ನು ಎತ್ತಿಕೊಂಡಿಲ್ಲ. ಕಛೇರಿ ನಿಂತರೆ ರಜೆಯೂ ಖಲಾಸ್.

ಸತ್ವಾ ಬಡಾವಣೆಯಲ್ಲಿ ಊರಿನವರೆಲ್ಲ ರೂಮು ರೂಮು ಹಂಚಿಕೊಂಡಿದ್ದ ಬಾಡಿಗೆ ವಿಲ್ಲಾಕ್ಕೆ ಓಡಿದ. ಪಕ್ಕದ ರೂಮಿನ ಮಾರ್ಟಿನಾ ಬಾಯಿ ಸುದ್ದಿ ಕೇಳಿದ್ದೇ ತಡ, ಕಷಾಯಕ್ಕೆ ನೀರಿಟ್ಟರು.

"ಜೀರಿಗೆ, ಕೊತ್ತಂಬರಿ, ಸ್ವಲ್ಪ ಕಾಳುಮೆಣಸು. ಸಾಕು ಮಾರಾಯ."

"ಎಂಥ ಸ್ವಲ್ಪ? ಅವರು ಮೈಕ್ ಇಲ್ಲದೆ ಹಾಡುವವರಲ್ವಾ?" ಎನ್ನುತ್ತ ಎದುರು ರೂಮಿನ ಉಮ್ಮರಬ್ಬ ಇನ್ನೊಂದು ಹಿಡಿ ಮೆಣಸು ಸುರಿದ. ಮಾರ್ಟಿನಾ ಬಾಯಿ ಸೋತಾರೆಯೇ? ಶುಂಠಿ ಜಜ್ಜಿ ಹಾಕಿದರು. ಉಮ್ಮರಬ್ಬ ಕರಿಜೀರಿಗೆ ಹಾಕಿದ. ಇವರ ಪೈಪೋಟಿ ಮುಗಿಯುವಷ್ಟರಲ್ಲಿ ಕಷಾಯ ಡಾಮರಿನಂತಾಗಿತ್ತು.

ಫ್ಲಾಸ್ಕ್ ಹಿಡಿದು ಹೋಟೆಲಿಗೆ ಬಂದ ದ್ವಾರಕನಾಥ, ನಮ್ಮ ಅಮ್ಮನ ಕೈಯ ಮದ್ದು ಮೇಡಂ ಎಂದು ಇಂಗ್ಲಿಷಿನಲ್ಲಿ ಸುಳ್ಳು ಹೇಳಿ ಲೋಟ ಕೈಗಿಟ್ಟ. ಇಲೋನಾ ಮೂಸಿ ಹಿಂದೆ ಸರಿದರು. ಇವನು ಕೈಮುಗಿದ. ಕುಡಿದರು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಎದೆ ತಟ್ಟಿಕೊಳ್ಳುತ್ತ ರೂಮಿಗೆ ಓಡಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಕಳೆದರೂ ಹೊರಗೆ ಬರಲಿಲ್ಲ. ದ್ವಾರಕನಾಥ ಕಾರಿಡಾರಿನಲ್ಲಿ ಕೂತು ಊರಿನ ದೈವ ದೇವರಿಗೆಲ್ಲ ಹರಕೆ ಹೊತ್ತ.

ಸಂಜೆ ಊದ್ ಮೇಥಾ ಬಡಾವಣೆಯ ಸಭಾಂಗಣದಲ್ಲಿ ಪರದೆ ಎದ್ದಿತು. ಇಲೋನಾ ಬಾಯಿ ತೆರೆದರು. ಅಬ್ಬಾ, ಎಂಥ ಸ್ವರ! ದ್ವಾರಕನಾಥ ಗೋಡೆಗೊರಗಿ ಅತ್ತೇಬಿಟ್ಟ.

ಹೋಟೆಲಿಗೆ ಮರಳುವಾಗ ಕಾರಿನಲ್ಲಿ ಇಲೋನಾ ಮಾತಾಡಿದರು. ಹಾಡುವ ದಿನ ವೇದಿಕೆ ಹತ್ತುವ ತನಕ ಮೌನವಾಗಿರುವುದು ಅವರ ನಿಯಮವಂತೆ. ಗಂಟಲಿಗೇನೂ ಆಗಿರಲಿಲ್ಲ, ಬೇಡವೆನ್ನಲು ಬಾಯಿ ಬಿಡುವಂತಿಲ್ಲದೆ ಕುಡಿದರಂತೆ. ಆಮೇಲೆ ಅವರು ನಿಲ್ಲಿಸಲೇ ಇಲ್ಲ. ಬಟ್ಟೆ ಒಗೆದು ಸಾಕಿದ ತಾಯಿ, ಹಳ್ಳಿಯ ಇಗರ್ಜಿಯ ಪ್ರಾರ್ಥನೆಯಲ್ಲಿ ಹಾಡಿದ್ದು, ಮೊದಲ ಆಪೆರಾದಲ್ಲಿ ಸಿಕ್ಕಿದ ದಾಸಿಯ ಪಾತ್ರ, ಎಲ್ಲ ಹೇಳಿದರು. ಬದುಕಿದೆಯಾ ಬಡಜೀವವೇ ಎಂದು ದ್ವಾರಕನಾಥ ಹೂಂಗುಟ್ಟಿದ.

ಹೋಟೆಲಿನಲ್ಲಿ ಉಸ್ಮಾನ್ ಕಾದಿದ್ದ. "ಮೇಡಂ ಹಾಡು ಮುಗಿದದ್ದೇ ಮೆಸೇಜ್ ಹಾಕಿದ್ರು. ರಿಟೈರ್ ಆಗೋದಿಲ್ಲಂತೆ ಮಾರಾಯ! ಅವರಿಗೆ ಇಂಥ ಸ್ವರ ಇಪ್ಪತ್ತು ವರ್ಷದಿಂದ ಬರ್ಲಿಲ್ಲಂತೆ. ಎಲ್ಲ ನಿನ್ನ ಅಮ್ಮನ ಕಷಾಯದ್ದೇ ಕೆಲಸ."

"ನನ್ನ ರಜೆ?"

"ನಾಳೆಯೇ ಊರಿಗೆ ಹೋಗು. ಟಿಕೆಟ್ ಮಾಡಿಸ್ತೇನೆ, ಎರಡು."

"ಎರಡು ಎಂಥಕ್ಕೆ?"

"ಮೇಡಂಗೆ ಒಂದು ತಿಂಗಳು ನಿನ್ನ ಅಮ್ಮನ ಕೈಯ ಕಷಾಯ ಬೇಕಂತೆ. ನೋಡಿಕೊಳ್ಳುವವ ನೀನೇ. ರಜೆ ಅಲ್ಲ, ಡ್ಯೂಟಿ."

ಇರಲಿ, ಮಗಳನ್ನು ಎತ್ತಿಕೊಳ್ಳಬಹುದಲ್ಲ! ದ್ವಾರಕನಾಥ ಹಗುರಾಗಿ ಹೆಂಡತಿಗೆ ಫೋನ್ ಮಾಡಿದ. "ಸ್ವರ್ಣಾ, ನಾಳೆ ಬರ್ತೇನೆ. ಒಟ್ಟಿಗೆ ಗೆಸ್ಟ್ ಒಬ್ಬರು ಉಂಟು. ಅಮ್ಮನಿಗೆ ಸ್ವಲ್ಪ ಕಷಾಯ ಮಾಡ್ಲಿಕ್ಕೆ ಹೇಳು."

"ಅತ್ತೆಯಾ? ಅವರು ಶೀತ ಆದ್ರೂ ಮಾತ್ರೆಯೇ ನುಂಗೋದಲ್ವಾ ಮಾರಾಯ್ರೆ!"