ನೆಲಕ್ಕೆ ಗುದ್ದಲಿ ಹಾಕದ ರಾಜ್ಯ

ದಿಲ್ಲಿಯವರಿಗೆ ಪಂಚಾಂಗ ನೋಡುವ ಅಭ್ಯಾಸ ಇದ್ದಿದ್ದರೆ ಗೋಲಕಬಿಹಾರಿಗೆ ಈ ಗತಿ ಬರುತ್ತಿರಲಿಲ್ಲ. ರಾಷ್ಟ್ರೀಯ ಜಲನೀತಿಯನ್ನು ತಿದ್ದಲು ಹೊರಟ ಆ ಮಹಾನುಭಾವರು, ರಾಜ್ಯಗಳು ಉತ್ತರ ಕೊಡಲು ಕೊನೆಯ ದಿನ ಎಂದು ಗೊತ್ತುಮಾಡಿದ್ದು ಸರಿಯಾಗಿ ರೊಜೊ ಹಬ್ಬದ ಮೊದಲ ದಿನವನ್ನು! ರೊಜೊ ಎಂದರೆ ಭೂಮಿತಾಯಿ ಮುಟ್ಟಾಗಿ ವಿಶ್ರಮಿಸುವ ಮೂರು ದಿನ. ಒಡಿಶಾದಲ್ಲಿ ಆಗ ಯಾರೂ ಉಳುವುದಿಲ್ಲ, ಅಗೆಯುವುದಿಲ್ಲ. ಹೆಂಗಸರು ಹೊಸ ಸೀರೆ ಉಟ್ಟು ಉಯ್ಯಾಲೆ ಜೀಕುತ್ತಾರೆ, ಗಂಡಸರು ಪೋಡ ಪಿಠಾ ಎಂಬ ಸುಟ್ಟ ಕಡುಬು ತಿಂದು ಇಸ್ಪೀಟು ಆಡುತ್ತಾರೆ. ಕಚೇರಿಗಳಿಗೆ ಬೀಗ. ಹಾಗಾಗಿ ಉತ್ತರ ಹಿಂದಿನ ದಿನವೇ ಭುವನೇಶ್ವರದಿಂದ ಹೋಗಬೇಕು. ಅದನ್ನು ಬರೆಯಬೇಕಾದ ಗುಮಾಸ್ತ ಗೋಲಕ.

ಅವನಿಗೆ ಜಲನೀತಿಯ ಚಿಂತೆ ಇರಲಿಲ್ಲ, ಸಂಜೆ ಆರರ ಬಸ್ಸಿನ ಚಿಂತೆ ಇತ್ತು. ಹೆಂಡತಿ ಬಿಲಾಸಿನಿ ಆಗಲೇ ಢೆಂಕಾನಾಲ್ ಕಡೆಯ ತವರಿಗೆ ಹೋಗಿದ್ದಳು. ಅವಳ ಹೊಸ ಸೀರೆ ಇವನ ಮೇಜಿನ ಡ್ರಾಯರಿನಲ್ಲಿತ್ತು. ಹೋದ ವರ್ಷ ಯಾವುದೋ ವರದಿ ಬರೆಯುತ್ತಾ ಕೂತು ಹಬ್ಬ ತಪ್ಪಿಸಿದ್ದಕ್ಕೆ ಅವಳು ದಸರೆಯವರೆಗೂ ಮಾತು ಬಿಟ್ಟಿದ್ದಳು. ಈ ಸಲ ಬೆಳಿಗ್ಗೆ ಬಸ್ಸು ಹತ್ತುವಾಗಲೇ ಹೇಳಿದ್ದಳು: "ನಾಳೆ ನನ್ನ ಉಯ್ಯಾಲೆ ತೂಗೋಕೆ ನೀವು ಬರ್ಲಿಲ್ಲ ಅಂದ್ರೆ, ಆ ಫೈಲನ್ನೇ ಕಟ್ಕೊಂಡು ಸಂಸಾರ ಮಾಡಿ. ನಾನು ಅಪ್ಪನ ಮನೇಲೇ ಇರ್ತೀನಿ."

ಬಿಟ್ಟಿದ್ದರೆ ಗೋಲಕ ಹನ್ನೊಂದು ಗಂಟೆಗೇ ಬರೆದು ಮುಗಿಸುತ್ತಿದ್ದ. ಬಿಡಬೇಕಲ್ಲ! ಅವನ ಎದುರಿನ ಒಂದೇ ಮೇಜಿಗೆ ಇಬ್ಬರು ಕೂರುತ್ತಿದ್ದರು. ನೆರೆ ಪರಿಹಾರದ ಕೆಲಸ ನೋಡುವ ನಟಬರ ಜೆನಾ, ಬರದ ಕೆಲಸ ನೋಡುವ ಆರ್ತತ್ರಾಣ ಸ್ವಾಯಿಂ.

"ಗೋಲಕ ಭಾಯಿ, ಮೊದಲ ಸಾಲಲ್ಲೇ ಬರಿ," ಎಂದ ನಟಬರ. "ನಮ್ಮಲ್ಲಿ ನೀರು ವಿಪರೀತ, ಮುಳುಗಿ ಸಾಯ್ತಾ ಇದೀವಿ ಅಂತ."

"ತಲೆಗಿಲೆ ಕೆಟ್ಟಿದೆಯೇನೋ?" ಆರ್ತತ್ರಾಣ ಎದ್ದು ನಿಂತ. "ಹಾಗೆ ಬರೆದ್ರೆ ಮಹಾನದಿಗೆ ಮೇಲ್ಗಡೆ ರಾಜ್ಯದವರು ಇನ್ನೊಂದು ಅಣೆಕಟ್ಟು ಕಟ್ತಾರೆ. ನೀರೇ ಇಲ್ಲ ಅಂತ ಬರಿ. ನಮ್ಮ ನಾಲಿಗೆ ಒಣಗಿ ಚಕ್ಕಳ ಆಗಿದೆ ಅಂತ ಬರಿ."

"ನಿಂದೆಲ್ಲಿ ಒಣಗಿದೆಯೋ? ಬೆಳಿಗ್ಗೆಯಿಂದ ಪಾನ್ ಜಗಿದು ಜಗಿದು ಗೋಡೆಯೆಲ್ಲ ಕೆಂಪಾಗಿದೆ!"

"ನನ್ನ ಪಾನ್ ಸುದ್ದಿಗೆ ಬಂದ್ರೆ ನೋಡು!"

ನೆರೆ ಎಷ್ಟು ಎತ್ತರ ಬರುತ್ತದೆಂದು ತೋರಿಸಲು ನಟಬರ ಕೈ ಎತ್ತಿದ. ಅವನ ಮುಂದಿದ್ದ ದಹಿಬರಾ ಎಂಬ ಮೊಸರುವಡೆಯ ತಟ್ಟೆ ಹಾರಿ ಗೋಲಕ ಬರೆಯುತ್ತಿದ್ದ ಕರಡಿನ ಮೇಲೆ ಬೋರಲು ಬಿತ್ತು. ಮಜ್ಜಿಗೆಯೂ ಆಲೂಗಡ್ಡೆ ಸಾರೂ ಸೇರಿ ಕಾಗದದ ತುಂಬ ಹರಿದವು. ಗೋಲಕ ಕರಡನ್ನು ಎತ್ತಿ ಹಿಡಿದಾಗ ಅದು ತೊಟ್ಟಿಕ್ಕುತ್ತಾ, ಆಗಷ್ಟೇ ಹಳ್ಳದಿಂದ ಎದ್ದ ಎಮ್ಮೆಯ ಕಿವಿಯಂತೆ ಜೋತುಬಿತ್ತು.

ಅವನು ಎರಡನೇ ಸಲ ಬರೆದ. ಇಬ್ಬರ ಬಾಯಿಯನ್ನೂ ಮುಚ್ಚಿಸಲು ಹೀಗೆ ಸೇರಿಸಿದ: 'ನಮ್ಮ ರಾಜ್ಯದಲ್ಲಿ ನೀರು ಇರುವಾಗ ಬಹಳ ಇರುತ್ತದೆ, ಇಲ್ಲದಿರುವಾಗ ಇರುವುದೇ ಇಲ್ಲ. ಎರಡಕ್ಕೂ ಅನುದಾನ ಬೇಕು.' ಇಬ್ಬರೂ ಒಪ್ಪಿ ತಲೆಯಾಡಿಸಿದರು. ಮೂರ್ಖರಿಗೆ ಅದಕ್ಕಿಂತ ಒಳ್ಳೆಯ ಸಾಲು ಬೇಕಾಗಿಯೂ ಇರಲಿಲ್ಲ.

ಸಹಿ ಹಾಕಬೇಕಾದ ಅಧಿಕಾರಿ ಕುಮುದಿನಿ ಮೇಡಂ ಮಾತ್ರ ಪೆನ್ನು ಕೆಳಗಿಟ್ಟರು.

"ಗೋಲಕ ಬಾಬು, ಇದೇನ್ರೀ ಸಪ್ಪೆ? ಬೋರ್‌ವೆಲ್ ಕೊರೆಯೋಕೆ ದಿಲ್ಲಿಯವರ ಅಪ್ಪಣೆ ಬೇಕು ಅಂತ ಹೊಸ ನೀತೀಲಿ ಬರೆದಿದಾರೆ. ಅದಕ್ಕೆ ನಿಮ್ಮ ಉತ್ತರ ಎಲ್ಲಿ? ಭೂಮಿತಾಯಿಗೆ ವರ್ಷಕ್ಕೆ ಮೂರು ದಿನ ಬಿಡುವು ಕೊಡೋ ಜನ ನಾವು. ನಮಗೆ ಇವರು ನೆಲದ ನೀರು ಉಳಿಸೋ ಪಾಠ ಹೇಳ್ತಾರಾ?"

"ಸೇರಿಸ್ತೀನಿ ಮೇಡಂ."

"ಖಾರವಾಗಿ ಸೇರಿಸಿ!"

ಗೋಲಕ ಗಡಿಯಾರ ನೋಡಿದ. ಬಸ್ಸು ಕಣ್ಣ ಮುಂದೆ ಬಂತು. ಸಿಟ್ಟೆಲ್ಲ ಬೆರಳಿಗೆ ಇಳಿಯಿತು: 'ರೊಜೊ ಹಬ್ಬದ ದಿನಗಳಲ್ಲಿ ನಮ್ಮ ರಾಜ್ಯದಲ್ಲಿ ಒಬ್ಬನೇ ಒಬ್ಬನೂ ನೆಲಕ್ಕೆ ಗುದ್ದಲಿ ಹಾಕುವುದಿಲ್ಲ. ಹಾಕಿದವನೊಬ್ಬನನ್ನು ತೋರಿಸಿದರೆ ನಿಮ್ಮ ಇಡೀ ನೀತಿಯನ್ನು ತುಟಿ ಪಿಟಕ್ಕೆನ್ನದೆ ಒಪ್ಪುತ್ತೇವೆ.'

ಮೇಡಂ ಓದಿ ಕಣ್ಣೊರೆಸಿಕೊಂಡರು. "ಇದು ಉತ್ತರ!" ಎಂದು ಸಹಿ ಒತ್ತಿದರು. ನಾಲ್ಕು ಗಂಟೆಗೆ ಉತ್ತರ ಇಮೇಲಿನಲ್ಲಿ ದಿಲ್ಲಿಗೆ ಹೋಯಿತು. ಗೋಲಕ ಸೀರೆ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದಾಗ ನಟಬರ ಓಡಿಬಂದ.

"ಭಾಯಿ, ಮೇಡಂ ಕರೀತಾರೆ. ದಿಲ್ಲಿಯಿಂದ ಫೋನು!"

ಬರೆದ ದಿನವೇ ದಿಲ್ಲಿಯಿಂದ ಮಾರುತ್ತರ ಬಂದದ್ದು ಆ ಕಚೇರಿಯಲ್ಲಿ ಯಾರೂ ಕಂಡುಕೇಳದ ಸಂಗತಿ. ಮೇಡಂ ಮುಖ ಕುಂಬಳಕಾಯಿಯಷ್ಟು ಊದಿತ್ತು.

"ಸವಾಲು ಒಪ್ಕೊಂಡಿದಾರೆ ಗೋಲಕ ಬಾಬು. ಅವರ ಅಧಿಕಾರಿಗಳು ನಾಲ್ಕು ಜನ ಸಮುದ್ರಸ್ನಾನಕ್ಕೆ ಅಂತ ಪುರಿಗೆ ಬಂದಿದಾರಂತೆ. ನಾಳೆ ಒಂದು ಹಳ್ಳಿ ನೋಡ್ಬೇಕಂತೆ. ಒಂದು ಗುದ್ದಲಿ ಕಂಡ್ರೂ ರಾಜ್ಯ ಸೋತ ಹಾಗೆ. ಬರೆದವರು ನೀವು, ನೀವೇ ಕರ್ಕೊಂಡು ಹೋಗ್ಬೇಕು."

ಬಸ್ಸು ಹೋಯಿತು, ಉಯ್ಯಾಲೆ ಹೋಯಿತು, ಹೆಂಡತಿಯೂ ಹೋದಳು ಎಂದುಕೊಳ್ಳುತ್ತಿರುವಾಗಲೇ ಗೋಲಕನ ತಲೆಯೊಳಗೆ ದೀಪ ಹೊತ್ತಿತು. ಹಳ್ಳಿ ಯಾವುದಾದರೇನು?

"ಮೇಡಂ, ನನ್ನ ಮಾವನ ಊರೇ ಇದೆ. ಬಹಳ ಸಂಪ್ರದಾಯಸ್ಥರು. ರೊಜೊ ಬಂತು ಅಂದ್ರೆ ನಮ್ಮ ಮಾವ ಬರಿಗಾಲಲ್ಲಿ ನೆಲಾನೂ ಮುಟ್ಟಲ್ಲ."

"ಭೇಷ್!" ಮೇಡಂ ಅಲ್ಲೇ ಫೋನೆತ್ತಿ ದಿಲ್ಲಿಗೆ ಊರಿನ ಹೆಸರು ಹೇಳಿದರು. ಮಾವನ ಹೆಸರೂ ಹೇಳಿದರು. "ಬರ್ಕೊಳಿ ಸಾರ್, ಬದಲಾಯಿಸೋ ಮಾತೇ ಇಲ್ಲ!" ಎಂದು ಗುಡುಗಿದರು. ಗೋಲಕನಿಗೆ ಸರ್ಕಾರಿ ಜೀಪು ಸಿಕ್ಕಿತು. ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಬೇಕಾಗಿದ್ದ ಅಳಿಯ ದಿಲ್ಲಿಯ ಸಾಹೇಬರ ಜೊತೆ ಮಾವನ ಅಂಗಳದಲ್ಲಿ ಇಳಿಯುತ್ತಾನೆ! ಅವನು ವರಾಂಡಕ್ಕೆ ಬಂದು ಹೆಂಡತಿಗೆ ಫೋನು ಮಾಡಿದ.

"ಏ ಬಿಲಾಸಿನಿ, ಬರ್ತಾ ಇದೀನಿ ಕಣೇ! ಜೀಪಲ್ಲಿ! ದಿಲ್ಲಿಯ ದೊಡ್ಡ ಸಾಹೇಬರೂ ಬರ್ತಾರೆ!"

"ಏನ್ರೀ? ಜೋರಾಗಿ ಹೇಳಿ. ಇಲ್ಲಿ ಗಡಗಡ ಸದ್ದು."

"ಏನದು ಸದ್ದು?"

"ಬೋರ್‌ವೆಲ್ ಲಾರಿ! ತಮಿಳುನಾಡಿಂದು. ಹಬ್ಬದಲ್ಲಿ ಯಾರೂ ಕರೆಯಲ್ವಲ್ಲ, ಅಪ್ಪ ಅರ್ಧ ದರಕ್ಕೆ ಕರೆಸಿದಾರೆ. ಬಂಡೆ ಸಿಕ್ಕಿದೆ. ನಾಳೇನೂ ಕೊರೀತಾರಂತೆ."

ಗೋಲಕ ಫೋನಿನಲ್ಲೇ ಅರಚಿದ: "ನಿಲ್ಸೇ! ನಾಳೆ ರೊಜೊ ಕಣೇ! ಭೂಮಿತಾಯಿ..."

"ಅದಕ್ಕೆ ಅಪ್ಪ ಆಗಲೇ ತಪ್ಪುಕಾಣಿಕೆ ಕಟ್ಟಿಟ್ಟಿದಾರೆ. ತಡೀರಿ, ಸಾಹೇಬರು ಬರೋದನ್ನ ಹೇಳ್ತೀನಿ."

ಗಡಗಡದ ನಡುವೆ ಅಪ್ಪನನ್ನು ಕೂಗಿದ ದನಿ ಕೇಳಿಸಿತು. ಆಮೇಲೆ ಬಿಲಾಸಿನಿ, ಮದುವೆಯಾದಾಗಿನಿಂದ ಗೋಲಕ ಕೇಳಿರದಷ್ಟು ಪ್ರೀತಿಯಿಂದ ಹೇಳಿದಳು:

"ರೀ, ಅಪ್ಪಂಗೆ ಭಾರೀ ಖುಷಿ. ಊರವರನ್ನೆಲ್ಲ ಸೇರಿಸಿ, ಬೋರ್‌ವೆಲ್ ನೀರನ್ನ ಮೊದಲು ದಿಲ್ಲಿ ಸಾಹೇಬರಿಗೇ ಕುಡಿಸ್ತಾರಂತೆ."