ಯಲಗೂರನ ಕಾಲು ಕಲಿತ ಡಬ್ಬಿ

ಕಸ್ತೂರಿ ಮಾತಿಲ್ಲದೆ ನೋಜಲ್ ತೊಳೆಯುತ್ತಿದ್ದಳು. ಮುಂದೆ ಡೀಸೆಲ್ ತುಂಬಿದ ಪರಾತ, ಕೈಯಲ್ಲಿ ಹಿತ್ತಾಳೆ ತಂತಿಯ ಬ್ರಷ್. ಒಂದೊಂದನ್ನೇ ಉಜ್ಜಿ, ಊದಿ, ಬೆಳಕಿಗೆ ಹಿಡಿದು ನೋಡಿ, ಹಳೆಯ ಅರಿವೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟವಳು ಅವಳು. ಅಂದಿನಿಂದ ಮುಧೋಳದ ರಸ್ತೆಯಲ್ಲಿರುವ ಸೋದರಮಾವ ದುಂಡಪ್ಪನ ಇಂಜಿನ್ನಿನ ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ ಇದೇ ಅವಳ ಕೆಲಸ. ಅವಳ ಬಾಯಿಗೆ ಸದಾ ಬಿಡುವು, ಕಣ್ಣಿಗೆ ಮಾತ್ರ ಬಿಡುವೇ ಇಲ್ಲ.

ಇವತ್ತು ಆ ಕಣ್ಣು ಅಂಗಡಿಯ ಮುಂದೆ ನಿಂತ ಟ್ರ್ಯಾಕ್ಟರಿನ ಗಾಲಿಯ ಮೇಲಿತ್ತು. ಎರಡು ಟ್ರೇಲರ್ ಭರ್ತಿ ಕಬ್ಬು ಹೇರಿಕೊಂಡು ಸಕ್ಕರೆ ಫ್ಯಾಕ್ಟರಿಗೆ ಹೊರಟ ಗಾಡಿ ಅದು. ಹೊಲದಿಂದ ಫ್ಯಾಕ್ಟರಿಯವರೆಗೂ ಇರುವುದು ಕಪ್ಪು ಎರೆಮಣ್ಣು. ಆದರೆ ಗಾಲಿಯ ಸಂದಿಯಲ್ಲಿ ಕೆಂಪು ಗರಸು ಮಣ್ಣು ಸಿಕ್ಕಿಕೊಂಡಿತ್ತು. ಗರಸಿನ ಮೇಲೆ ಬಿಳಿಯ ಸುಣ್ಣ!

ಕಬ್ಬಿನ ಗಾಡಿಗೆ ಸುಣ್ಣ ಎಲ್ಲಿಂದ ಬಂತು?

ಸಂಶಯಕ್ಕೆ ಕಾರಣವಿತ್ತು. ಆ ಗಾಡಿಯ ಡ್ರೈವರ್ ಯಲಗೂರನಿಗೆ ಕಸ್ತೂರಿಯನ್ನು ಕೊಡುವುದೆಂದು ಮಾತಾಗಿತ್ತು. ಬರುವ ಬುಧವಾರ ಅವನ ಕಡೆಯವರು ನಿಶ್ಚಯದ ಸೀರೆ ಉಡಿಸಲು ಬರುವವರಿದ್ದರು. ಕಸ್ತೂರಿ ಒಂದೇ ಒಂದು ಕರಾರು ಹಾಕಿದ್ದಳು. ಅದನ್ನೂ ಅವ್ವನ ಬಾಯಿಂದ ಹೇಳಿಸಿದ್ದಳು: ಯಲಗೂರ ರಿವರ್ಸ್ ಸ್ಪರ್ಧೆಯ ಹುಚ್ಚು ಬಿಡಬೇಕು. ಸುಣ್ಣದ ಗೆರೆಗಳ ನಡುವೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಆಟ ಅದು. ಹಿಂದಿನ ಸಲ ಯಲಗೂರನಿಗೆ ಕೈಸನ್ನೆ ಮಾಡುತ್ತ ನಿಂತಿದ್ದ ಅವಳ ಅಣ್ಣ ಮಾಲಿಂಗನ ಪಾದದ ಮೇಲೆಯೇ ಗಾಲಿ ಹರಿದಿತ್ತು. ಅಣ್ಣ ಇನ್ನೂ ಕುಂಟುತ್ತಿದ್ದ. ಯಲಗೂರ ಸ್ಟೇರಿಂಗ್ ಮುಟ್ಟಿ ಆಣೆ ಮಾಡಿದ್ದ, "ಬಿಟ್ಟೆ, ಖರೇನ ಬಿಟ್ಟೆ!" ಎಂದು.

"ಬರ್ರಿ ಗೌಡ್ರ, ಬರ್ರಿ! ಕಣ್ಣ ತುಂಬ ನೋಡ್ರಿ!" ಎಂದು ದುಂಡಪ್ಪ ಕೂಗಿದ. ಗಾಡಿಯ ಮಾಲೀಕ ರಾಚನಗೌಡರು ಧೋತರ ಎತ್ತಿಕೊಂಡು ಇಂಜಿನ್ನಿನ ಹತ್ತಿರ ಬಂದರು. ಅಲ್ಲಿ ಡೀಸೆಲ್ ಪಂಪಿನ ಪಕ್ಕದಲ್ಲಿ ಸ್ಟೀಲಿನ ಒಂದು ಊಟದ ಡಬ್ಬಿ ಕೂತಿತ್ತು. ಡಬ್ಬಿಯಿಂದ ಹೊರಟ ಕೆಂಪು, ಹಳದಿ, ಹಸಿರು ವೈರುಗಳು ಪಂಪಿಗೆ, ಗೇರಿಗೆ, ಬ್ರೇಕಿಗೆ, ಸ್ಟೇರಿಂಗಿಗೆ ಹಬ್ಬಿದ್ದವು.

ಗೌಡರು ಎರಡು ಹೆಜ್ಜೆ ಹಿಂದೆ ಸರಿದರು. ದುಂಡಪ್ಪನ ಹಿಂದಿನ ಡಬ್ಬಿ ಅವರಿಗೆ ನೆನಪಿತ್ತು. ಅದನ್ನು ಹಿಟ್ಟಿನ ಗಿರಣಿಯ ಇಂಜಿನ್ನಿಗೆ ಕಟ್ಟಿದಾಗ ಕಲ್ಲು ಎಷ್ಟು ಜೋರಾಗಿ ತಿರುಗಿತೆಂದರೆ, ಒಳಗೆ ಹಾಕಿದ ಜೋಳ ಸೀದಾ ಖಡಕ್ ರೊಟ್ಟಿಯಾಗಿಯೇ ಹೊರಬಿದ್ದಿತ್ತು!

"ಇದು ಆ ಜಾತಿದಲ್ರಿ!" ಎಂದ ದುಂಡಪ್ಪ. "ಪ್ಯಾಟ್ಯಾಗ ಸಿಗೋ ಡಬ್ಬಿ ಪಂಪಿಗೆ ಸುಳ್ಳ ಹೇಳ್ತಾವು. ಡೀಸೆಲ್ ಸಾಲವಲ್ದು, ಸಾಲವಲ್ದು ಅಂತ ಸುಳ್ಳ ಹೇಳಿ ಹೆಚ್ಚಿಗಿ ಡೀಸೆಲ್ ಹೊಡಸ್ತಾವು. ನನ್ನ ಡಬ್ಬಿ ಸುಳ್ಳ ಹೇಳೂದಿಲ್ಲ! ಒಂದ ವಾರ ಯಲಗೂರನ ಕಾಲು, ಕೈ ಹೆಂಗ ಆಡ್ತಾವು ಅಂತ ನೋಡಿ ಕಲಿತೈತಿ. ಗಾಲಿ ಎಷ್ಟ ಉರುಳಿದ್ರ ಎಲ್ಲಿ ಬಂತು ಅನ್ನೂದೂ ಅದಕ್ಕ ಗೊತ್ತು. ಇನ್ನ ಮ್ಯಾಲ ನಿಮ್ಮ ಎಲ್ಲಾ ಗಾಡಿಗೂ ಯಲಗೂರನ ಕಾಲ!"

ಹಿಂದೆ ನಿಂತಿದ್ದ ಯಲಗೂರನ ಮುಖ ಸುಣ್ಣದಂತಾಯಿತು. "ಅಲ್ಲ ದುಂಡಪ್ಪಣ್ಣ, ಡೀಸೆಲ್ ಎಷ್ಟ ಕುಡೀತೈತಿ ಅಂತ ನೋಡಾಕ ಕಟ್ಟೀನಿ ಅಂದಿದ್ದಿಯಲ್ಲಾ?"

"ಹೇಳಿದ್ರ ನೀ ನಾಟಕ ಮಾಡ್ತಿದ್ದಿ. ಕಾಲು ತನ್ನಷ್ಟಕ್ಕ ಇರಬೇಕಪಾ!"

ಗೌಡರು ಕಣ್ಣು ಕಿರಿದು ಮಾಡಿದರು. "ಇವನ್ನ ಮ್ಯಾಲ ಕುಂಡ್ರಿಸಿದ್ರ ಡಬ್ಬಿ ಅಲ್ಲ, ಇವನ ಗಾಡಿ ಹೊಡೀತಾನ. ಗಾಡಿ ಹೊಡ್ಯಾಕ ಬರದವರನ್ನ ಕುಂಡ್ರಿಸು. ಏ ತಂಗಿ, ನಿನಗ ಬರ್ತೈತೇನ?"

ಕಸ್ತೂರಿ ಇಲ್ಲವೆಂದು ತಲೆಯಾಡಿಸಿದಳು.

"ಬ್ಯಾಡ್ರಿ ಗೌಡ್ರ!" ಯಲಗೂರ ಅಡ್ಡ ಬಂದ. "ಅಕಿ ಅಂಜತಾಳ್ರಿ! ಬಿಸಲೈತಿ! ಹೊಲಸ ಆಗ್ತೈತಿ!"

ಡೀಸೆಲ್ಲಿನಲ್ಲಿ ಮೊಣಕೈವರೆಗೆ ನೆಂದವಳಿಗೆ ಹೊಲಸಾಗುತ್ತದೆಯೆಂದು ಇವನಿಗೇಕೆ ಚಿಂತೆ? ಕಸ್ತೂರಿ ಕೈ ಒರೆಸಿಕೊಂಡಳು. ಸೆರಗು ಸಿಕ್ಕಿಸಿಕೊಂಡು, ಯಾರ ಮುಖವನ್ನೂ ನೋಡದೆ ಟ್ರ್ಯಾಕ್ಟರ್ ಹತ್ತಿ ಕೂತಳು.

ಒಂದು ಮಡ್‌ಗಾರ್ಡಿನ ಮೇಲೆ ಗೌಡರು, ಇನ್ನೊಂದರ ಮೇಲೆ ದುಂಡಪ್ಪ. ಇಂಜಿನ್ ಶುರುವಾಯಿತು. ಪಂಪು ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡಿತು. ಡಬ್ಬಿ ಗೇರನ್ನು ತಾನೇ ಹಾಕಿಕೊಂಡಿತು! ಗಾಡಿ ಹಗುರವಾಗಿ ಹೊರಟಿತು. ಕಸ್ತೂರಿ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಸ್ಟೇರಿಂಗ್ ಅವಳ ಮುಂದೆ ದೆವ್ವ ಹೊಕ್ಕಂತೆ ಅತ್ತಿತ್ತ ತಿರುಗುತ್ತಿತ್ತು. ಘಟಪ್ರಭೆಯ ಸೇತುವೆಯ ಏರು ಬಂದಾಗ ಪಂಪು ಹದವರಿತು ಡೀಸೆಲ್ ಕೊಟ್ಟಿತು. ಒಂದು ಎಳೆ ಹೊಗೆಯಿಲ್ಲ, ಒಂದು ಜರ್ಕಿಲ್ಲ.

"ಭಲೇ ದುಂಡಪ್ಪ!" ಎಂದರು ಗೌಡರು. "ಆರೂ ಗಾಡಿಗೆ ಕಟ್ಟು!"

ಅವರ ಮಾತು ಮುಗಿಯುವುದರೊಳಗೆ ಗಾಡಿ ರಸ್ತೆ ಬಿಟ್ಟು ಒಂದು ಚಹಾದಂಗಡಿಯ ಮುಂದೆ ನಿಂತಿತು. ಅಂಗಡಿಯಾತ ತಲೆಯೆತ್ತದೆಯೇ ಒಂದು ಪ್ಲೇಟ್ ಮಿರ್ಚಿ ಭಜಿ, ಒಂದು ಶುಂಠಿ ಚಹಾ ತಂದು ಮಡ್‌ಗಾರ್ಡಿನ ಮೇಲಿಟ್ಟ. ಗೌಡರನ್ನು ಕಂಡು ಚಹಾ ಅವನ ಕೈಯಿಂದಲೇ ಚೆಲ್ಲಿತು.

"ದಿನಾ ನಿಲ್ತೈತೇನಪಾ ನನ್ನ ಗಾಡಿ?"

"ಇಲ್ರಿ ಗೌಡ್ರ... ದಿನಾ ಅಲ್ರಿ... ಹೋಗೂವಾಗ ಮತ್ತ ಬರೂವಾಗ ಅಷ್ಟ!"

ಮೋಟರ್ ಸೈಕಲ್ಲಿನ ಮೇಲೆ ಹಿಂದೆ ಬಂದ ಯಲಗೂರ, ಕನ್ನಡಿಯಲ್ಲಿ ಕೂದಲು ತಿದ್ದಿಕೊಳ್ಳುತ್ತ ಏನೂ ಕೇಳಿಸದವನಂತೆ ನಿಂತಿದ್ದ. ಭಜಿ ತಿನ್ನಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದು ಗಾಡಿ ಮತ್ತೆ ಹೊರಟಿತು. ದುಂಡಪ್ಪನೇ ಭಜಿ ತಿಂದ. "ಮಶೀನ್ ಎಷ್ಟ ಕರಾರುವಾಕ್ ಐತಿ ನೋಡ್ರಿ!" ಎಂದ, ಬಾಯಿ ತುಂಬಿಕೊಂಡು.

ಮುಂದೆ ಇನ್ನೊಂದು ಕಬ್ಬಿನ ಗಾಡಿ ಕಂಡಿತು. ಕಂಡದ್ದೇ ತಡ, ಪಂಪಿಗೆ ಮೈಮೇಲೆ ಬಂದಿತು! ಡೀಸೆಲ್ ಬುಳುಬುಳು ಸುರಿಯಿತು, ಸೈಲೆನ್ಸರಿನಿಂದ ಕರಿಯ ಹೊಗೆ ಕಂಬದಂತೆ ಎದ್ದು ಗೌಡರ ಮೇಲೆಯೇ ಬಾಗಿತು. ಗಾಡಿ ಮುಂದಿನದನ್ನು ಹಿಂದೆ ಹಾಕಿ ಓಡಿದಾಗ, ಗೌಡರಲ್ಲಿ ಬಿಳಿಯಾಗಿ ಉಳಿದಿದ್ದು ಹಲ್ಲು ಮಾತ್ರ.

"ನಿಲ್ಲಿಸೋ ಮಗನ! ಬಂದ್ ಮಾಡೋ ಗುಂಡಿ ಎಲ್ಲೈತಿ?"

"ಇಷ್ಟ ಚಲೋ ಕಾಲನ್ನ ಬಂದ್ ಮಾಡಾಕ ಯಾರಿಗೆ ಮನಸ್ಸ ಬರ್ತೈತ್ರಿ? ಗುಂಡಿ ಇಟ್ಟಿಲ್ರಿ!"

ಕಸ್ತೂರಿ ಇವರ ಜಗಳ ಕೇಳುತ್ತಿರಲಿಲ್ಲ. ಅವಳ ಕಣ್ಣು ಸ್ಟೇರಿಂಗಿನ ಮೇಲಿತ್ತು. ಫ್ಯಾಕ್ಟರಿಯ ಚಿಮಣಿ ಎದುರಿಗೇ ಕಾಣುತ್ತಿರುವಾಗ ಸ್ಟೇರಿಂಗ್ ಮೆಲ್ಲಗೆ, ಕಳ್ಳಹೆಜ್ಜೆ ಇಟ್ಟಂತೆ, ಎಡಕ್ಕೆ ತಿರುಗಿತು. ಜಾಲಿ ಕಂಟಿಗಳ ಸಂದಿಯಲ್ಲಿ ಗಾಡಿ ನುಗ್ಗಿತು. ಕಂಟಿಗಳ ಆಚೆ ಕೆಂಪು ಗರಸಿನ ದೊಡ್ಡ ಬಯಲು. ಬಯಲಿನ ತುಂಬ ಬಿಳಿಯ ಸುಣ್ಣದ ಗೆರೆಗಳು!

ಗೆರೆಯ ತುದಿಯಲ್ಲಿ ಕೂತಿದ್ದ ಇಬ್ಬರು ಡ್ರೈವರುಗಳು ಸೀಟಿ ಹೊಡೆದರು. "ಬಾರೋ ಹುಲಿ! ಬುಧವಾರದ ಮ್ಯಾಲ ನಿನ್ನ ಕೊಳ್ಳಾಗ ಹಗ್ಗ ಬೀಳ್ತೈತಿ, ಅದಕ್ಕೂ ಮೊದಲ ಪಳಗಿಬಿಡು!" ಎಂದವನು, ಸೀಟಿನಲ್ಲಿ ಕೂತ ಕಸ್ತೂರಿಯನ್ನು ಕಂಡು ಬಾಯಿ ಮುಚ್ಚುವುದನ್ನೇ ಮರೆತ.

ಗೇರು ಕಟಕ್ಕೆಂದಿತು. ಗಾಡಿ ಹಿಂದಕ್ಕೆ ಹೊರಟಿತು. ಎರಡು ಟ್ರೇಲರುಗಳೂ ಹಾವಿನಂತೆ ಬಳುಕಿ, ಒಂದು ಗೆರೆಯನ್ನೂ ಮುಟ್ಟದೆ, ತಿರುವು ತಗೊಂಡು ಸರಿದವು. ಎಷ್ಟು ಚಂದವಿತ್ತು! ಹಾಗೆ ಅನ್ನಿಸಿದ್ದಕ್ಕೆ ಕಸ್ತೂರಿಗೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ಚಂದ ಬರಬೇಕಾದರೆ ಯಲಗೂರ ಆಣೆ ಮಾಡಿದ ಮರುದಿನದಿಂದಲೇ ಕಲಿತಿರಬೇಕು.

"ಕಸ್ತೂರಿ! ಹಂಗಲ್ಲ ಅದು!" ಯಲಗೂರ ಮೋಟರ್ ಸೈಕಲ್ಲಿನ ಮೇಲೆ ಪಕ್ಕದಲ್ಲೇ ಬರುತ್ತಿದ್ದ. "ಸ್ಪರ್ಧಾಕ ಹೆಸರ ಕೊಟ್ಟಿಲ್ಲ! ಬರೇ ಹಿಂದಕ್ಕ ಹೊಡ್ಯಾಕ ಬರ್ತೈತೋ ಇಲ್ಲೋ ಅಂತ..."

ಕಸ್ತೂರಿ ಮುಂದೆ ನೋಡುತ್ತ ಕೂತಳು. ಅಂದರೆ ಹಿಂದೆ ಸರಿಯುತ್ತಿದ್ದ ಚಿಮಣಿಯನ್ನು.

"ಆಣಿ ಮಾಡಿದ್ದು ಖರೇ! ಆದ್ರ ಸ್ಪರ್ಧಾ ಬಿಡ್ತೀನಿ ಅಂದಿದ್ದೆ, ರಿವರ್ಸ್ ಬಿಡ್ತೀನಿ ಅಂದಿದ್ದಿಲ್ಲ!"

"ಹಂಗಾರ ನಮ್ಮಣ್ಣನ ಕಾಲ ಮ್ಯಾಲ ಹರಿದಿದ್ದು ಸ್ಪರ್ಧಾ ಏನ, ರಿವರ್ಸ್ ಏನ?" ಎಂದಳು ಕಸ್ತೂರಿ. ಆ ದಿನ ಅವಳಾಡಿದ ಮೊದಲ ಮಾತು ಅದು. ಯಲಗೂರನ ಮೋಟರ್ ಸೈಕಲ್ ಒಂದು ಸುಣ್ಣದ ಗೆರೆ ದಾಟಿ ಜಾಲಿ ಕಂಟಿಯೊಳಗೆ ಹೋಯಿತು.

ಇತ್ತ ದುಂಡಪ್ಪ ಗಾಬರಿಯಲ್ಲಿ ಇಂಜಿನ್ನಿನ ಮೇಲೆ ಬಾಗಿ ಕೈಗೆ ಸಿಕ್ಕ ವೈರನ್ನು ಕಿತ್ತ. ಕಿತ್ತದ್ದು ಮುಂದಿನ ಗೇರಿನ ವೈರು! ಆಟ ಮುಗಿದ ಮೇಲೆ ಫ್ಯಾಕ್ಟರಿಗೆ ಹೋಗಬೇಕೆಂದು ಡಬ್ಬಿಗೆ ಗೊತ್ತಿತ್ತು. ಮುಂದೆ ಹೋಗಲು ಗೇರಿಲ್ಲ. ಅದಕ್ಕೇನಂತೆ? ಬಯಲಿನಲ್ಲಿ ಪೂರಾ ಒಂದು ಸುತ್ತು ತಿರುಗಿ, ಎರಡೂ ಟ್ರೇಲರುಗಳನ್ನು ಮುಂದೆ ಮಾಡಿಕೊಂಡು, ಡಬ್ಬಿ ಹಿಂದಕ್ಕೇ ರಸ್ತೆಗಿಳಿಯಿತು!

ಎದುರಾದ ಬಸ್ಸು ನಿಂತು ದಾರಿ ಕೊಟ್ಟಿತು. ಕುರಿಗಳು ದಾರಿ ಕೊಟ್ಟವು. ಫ್ಯಾಕ್ಟರಿಯ ಪಾಳಿಯಲ್ಲಿ ಸಾಲಾಗಿ ನಿಂತಿದ್ದ ಅಷ್ಟೂ ಟ್ರ್ಯಾಕ್ಟರಿನವರು ಎದ್ದು ನಿಂತು ಟವೆಲ್ ಬೀಸಿದರು. ರಾಚನಗೌಡರ ಗಾಡಿ ಗೇಟಿನೊಳಗೆ ಹಿಮ್ಮುಖವಾಗಿ ನುಗ್ಗಿ, ತೂಕದ ಕಾಟಾದ ಮೇಲೆ ಅಳತೆ ಹಿಡಿದಂತೆ ಕೂತಾಗ, ದುಂಡಪ್ಪ ಉಳಿದ ವೈರುಗಳನ್ನೆಲ್ಲ ಒಟ್ಟಿಗೇ ಕಿತ್ತ. ಪಂಪು ಕೊನೆಯ ಸಲ ಬಿಕ್ಕಿ ಸುಮ್ಮನಾಯಿತು.

ಗೇಟಿನ ವಾಚಮನ್ ಲಾಠಿ ಹಿಡಿದು ಓಡಿ ಬಂದ. ಇಂಜಿನ್ನಿನ ಮುಖ ಹೊರಗಡೆಗಿದೆ, ಟ್ರೇಲರ್ ಭರ್ತಿ ಕಬ್ಬಿದೆ. ಅವನಿಗೆ ಅರ್ಥವಾಗುವುದು ಒಂದೇ.

"ಗೇಟ್ ಹಾಕ್ರೋ! ಫ್ಯಾಕ್ಟರಿ ಕಬ್ಬ ಕದ್ದು ಹೊರಗ ಒಯ್ಯಾಕತ್ತಾರ!"

"ಏ ಹುಚ್ಚಪ್ಪಾ, ತರಾಕತ್ತೀವೋ!" ಗೌಡರು ಕರಿಮುಖದಲ್ಲಿ ಕಣ್ಣು ಕೆಂಪಗೆ ಮಾಡಿದರು. "ನಾ ರಾಚನಗೌಡ!"

"ರಾಚನಗೌಡ್ರು ಬೆಳ್ಳಗ ಅದಾರ! ನೀ ಯಾಂವ?"

ಕಾಟಾದ ಕೋಣೆಯ ಕಂಪ್ಯೂಟರು ಹೊರಹೋಗುವ ಖಾಲಿ ಗಾಡಿಗೆ ಇಷ್ಟು ತೂಕ ಹೇಗೆಂದು ಕಿರುಚಲು ಶುರುಮಾಡಿತು. ಹಿಂದೆ ಪಾಳಿಯವರ ಹಾರ್ನು. ಗೌಡರು ದುಂಡಪ್ಪನ ಅಂಗಿ ಹಿಡಿದಿದ್ದರು, ದುಂಡಪ್ಪ ಡಬ್ಬಿಯನ್ನು ಎದೆಗೆ ಅವಚಿಕೊಂಡು "ಡಬ್ಬಿದೇನ ತಪ್ಪೈತ್ರಿ, ಕಾಲಿನ ತಪ್ಪು!" ಎನ್ನುತ್ತಿದ್ದ. ಮೈತುಂಬ ಜಾಲಿ ಮುಳ್ಳು ಚುಚ್ಚಿಕೊಂಡ ಯಲಗೂರ ಬಂದವನೇ ಮತ್ತೊಮ್ಮೆ ಸ್ಟೇರಿಂಗ್ ಮೇಲೆ ಕೈಯಿಟ್ಟು, "ಕಸ್ತೂರಿ, ಈ ಸಲ ಖರೇನ ಆಣಿ..." ಎಂದ.

ಕಸ್ತೂರಿ ಅವನ ಕೈಯನ್ನು ಸ್ಟೇರಿಂಗಿನಿಂದ ಮೆಲ್ಲಗೆ ತೆಗೆದು ಕೆಳಗಿಳಿದಳು. ಸೆರಗಿನ ಮಸಿ ಕೊಡವಿಕೊಂಡಳು. ಜಗಳವಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಅವಳ ಕಡೆ ತಿರುಗಿದರು. ವಾಚಮನ್ ಕೂಡ ಲಾಠಿ ಇಳಿಸಿದ.

"ಮಾಮಾ," ಎಂದಳು ಅವಳು, ಎಂದಿನ ಸಣ್ಣ ದನಿಯಲ್ಲಿ, "ಸೀರಿ ಉಡಸೂದು ಒಂದ ತಿಂಗಳ ಮುಂದ ಹಾಕ್ರಿ. ಅಲ್ಲೀತನಕ ಆ ಡಬ್ಬಿ ಇವನ ಕಾಲಿಗೇ ಕಟ್ರಿ. ಅದಾದ್ರೂ ಸುಳ್ಳ ಹೇಳೂದಿಲ್ಲ."

ದುಂಡಪ್ಪ ಗೌಡರ ಕಡೆ ನೋಡಿದ. ಗೌಡರು ಚಿಮಣಿಯ ಕಡೆ ನೋಡಿದರು. ಯಲಗೂರ ತನ್ನ ಬಲಗಾಲನ್ನು ಎಡಗಾಲಿನ ಹಿಂದೆ ಎಳೆದುಕೊಂಡ.